ನಾಲ್ಕನೆಯ ತಿರುಪು

"ಇದರೊಳಗೆ ಏನು ತುಂಬಿದೀಯಯ್ಯಾ, ಹತ್ತೀನಾ?"

ಶ್ರುತಿ ಮೇಷ್ಟ್ರು ಡಬ್ಬಿಯನ್ನು ರಿಪೇರಿಯವನ ಮೇಜಿನ ಮೇಲೆ ಇಟ್ಟರು. ಇಟ್ಟರು ಅನ್ನುವುದಕ್ಕಿಂತ ಕುಕ್ಕಿದರು ಅನ್ನಬೇಕು. ಬಿಚ್ಚಿದ್ದ ರೇಡಿಯೋದ ಸಣ್ಣ ತಿರುಪುಗಳು ತಟ್ಟೆಯಲ್ಲಿ ಎಗರಿಬಿದ್ದವು. ಅಂಗಡಿಯಲ್ಲಿ ಇನ್ನಿಬ್ಬರಿದ್ದರು. ಕೆಟ್ಟ ಮಿಕ್ಸಿಯನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಹೆಂಗಸು ಒಬ್ಬಳು, ಪಕ್ಕದ ಬೀದಿಯ ಫೋಟೋ ಸ್ಟುಡಿಯೋದವರು ಇನ್ನೊಬ್ಬರು.

ರಿಪೇರಿಯವನು ಬೆಸುಗೆ ಕಡ್ಡಿಯನ್ನು ಪಕ್ಕಕ್ಕಿಟ್ಟ. "ಯಾಕೆ ಮೇಷ್ಟ್ರೇ, ಏನಾಯ್ತು?"

"ನನ್ನ ಹಳೇ ರೆಕಾರ್ಡಿದೆಯಲ್ಲ, ಆ ಹಾಡಿನ ಕೊನೇಲಿ ಮೂರು ಸಲ ಗಂಟೆ ಬಾರಿಸ್ತಾರೆ. ಸೂಜಿ ಬಿದ್ದಷ್ಟು ಸಣ್ಣ ಸದ್ದು. ನಲವತ್ತು ವರ್ಷದಿಂದ ಕೇಳ್ಕೊಂಡು ಬಂದಿದೀನಿ. ನಿನ್ನ ಡಬ್ಬಿ ಅದನ್ನ ನುಂಗಿ ನೀರು ಕುಡಿದಿದೆ."

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಶಾಲೆಗಳ ಪಿಯಾನೋ, ಹಾರ್ಮೋನಿಯಂಗಳಿಗೆ ಶ್ರುತಿ ಕೂಡಿಸುತ್ತ ಆಯುಸ್ಸು ಸವೆಸಿದವರು. ಹೋದಲ್ಲೆಲ್ಲ ಮಕ್ಕಳು ಮೇಷ್ಟ್ರೇ ಎಂದು ಕರೆದು, ಅದೇ ಹೆಸರು ನಿಂತುಹೋಯಿತು. ಕೆಲಸ ಬಿಟ್ಟ ಮೇಲೆ ಅವರಿಗಿದ್ದ ಒಂದೇ ಶೋಕಿಯೆಂದರೆ ಹಜಾರದ ಮ್ಯೂಸಿಕ್ ಸಿಸ್ಟಮ್ಮು. ಅದರಲ್ಲಿ ಸದ್ದು ಏರಿಸಿ ಇಳಿಸುವ ಪೆಟ್ಟಿಗೆ ಕೆಟ್ಟಾಗ ತಿಂಗಳುಗಟ್ಟಲೆ ಹೊಯ್ದಾಡಿದರು. ದೊಡ್ಡ ಅಂಗಡಿಯಲ್ಲಿ ನೀಲಿ ದೀಪದ, ಕನ್ನಡಿಯಂತೆ ಹೊಳೆಯುವ ಪ್ರೀಆಂಪ್ಲಿಫೈಯರ್ ಇತ್ತು. ರಿಪೇರಿಯವನು ಮಾತ್ರ ಬೇರೆ ಮಾತು ಹೇಳಿದ್ದ.

"ಪ್ಯಾಸಿವ್ ಪ್ರೀಆಂಪ್ ಅಂತಾರೆ ಮೇಷ್ಟ್ರೇ. ಅದಕ್ಕೆ ಕರೆಂಟೇ ಬೇಡ. ಪ್ಲೇಯರಿಂದ ಬಂದಿದ್ದನ್ನ ಬೇಕಾದಷ್ಟು ತಗ್ಗಿಸಿ ಮುಂದಕ್ಕೆ ಬಿಡತ್ತೆ. ತಾನಾಗಿ ಏನೂ ಸೇರಿಸಲ್ಲ. ನಲ್ಲಿ ಇದ್ದ ಹಾಗೆ. ನಲ್ಲಿ ನೀರಿಗೆ ಸಕ್ಕರೆ ಹಾಕತ್ತಾ?"

ಏನನ್ನೂ ಸೇರಿಸದ ವಸ್ತು. ಮೇಷ್ಟ್ರ ಮನಸ್ಸಿಗೆ ಅದು ಹಿಡಿಸಿತು. ಡಬ್ಬಿ ತಯಾರಾದ ದಿನ ಪಕ್ಕದಲ್ಲೇ ಕೂತು ನೋಡಿದ್ದರು. ಮುಚ್ಚಳ ಬಿಗಿದ ಮೇಲೆ ರಿಪೇರಿಯವನು ಹೆಂಡತಿಯ ಉಗುರುಬಣ್ಣದ ಬಾಟಲಿ ತೆಗೆದು ಒಂದೊಂದು ತಿರುಪಿನ ತಲೆಗೂ ಕೆಂಪು ಬೊಟ್ಟು ಇಡತೊಡಗಿದ. ಅದು ಅವನ ರೂಢಿ. ಯಾರಾದರೂ ಬಿಚ್ಚಿದರೆ ಬಣ್ಣ ಒಡೆದು ಗೊತ್ತಾಗುತ್ತದೆ. ಮೂರು ಇಟ್ಟು, "ಕೊನೇದು ನೀವೇ ಇಡಿ, ನಿಮ್ಮ ಡಬ್ಬಿ" ಎಂದು ಬ್ರಶ್ಶು ಕೊಟ್ಟಿದ್ದ. ಮೇಷ್ಟ್ರ ಕೈ ನಡುಗಿ, ಬೊಟ್ಟಿಗೆ ಗೊದಮೊಟ್ಟೆಯಂತೆ ಒಂದು ಬಾಲ ಬಂತು. ಇಬ್ಬರೂ ನಕ್ಕಿದ್ದರು.

ಈಗ ನಗು ಇರಲಿಲ್ಲ.

"ವೈರು ಉದ್ದದ್ದೇನಾದ್ರೂ ಹಾಕಿದ್ರಾ? ಇಂಥ ಡಬ್ಬಿಗೆ ವೈರು ಉದ್ದ ಆದ್ರೆ ಸಣ್ಣ ಸದ್ದು ಮಂಕಾಗತ್ತೆ."

"ನೀನು ಕೊಟ್ಟ ಮೊಳದುದ್ದದ ವೈರೇ. ನಂಗೆ ಪಾಠ ಹೇಳ್ಬೇಡ. ಕಳಪೆ ಸಾಮಾನು ಹಾಕಿದೀಯ, ಒಪ್ಕೊಂಡ್ಬಿಡು. ಈ ಕಿವಿಗೆ ಯಾರೂ ಮೋಸ ಮಾಡಕ್ಕಾಗಲ್ಲ."

ಸ್ಟುಡಿಯೋದವರು ಗಡಿಯಾರ ನೋಡಿಕೊಂಡರು. "ನಾನೂ ಇಂಥದ್ದೇ ಒಂದು ಮಾಡಿಸ್ಕೊಳ್ಳೋಣ ಅಂತ ಬಂದಿದ್ದೆ. ಇರ್ಲಿ ಬಿಡಪ್ಪ, ನೋಡೋಣ" ಎಂದು ಮೆಟ್ಟಿಲಿಳಿದರು. ರಿಪೇರಿಯವನು ಅವರ ಬೆನ್ನನ್ನೇ ಒಂದು ಗಳಿಗೆ ನೋಡಿದ. ಆಮೇಲೆ, ಒಳಗಿನ ದಾರಿ ಸರಿಯಿದ್ದರೆ ಕೀಂ ಎನ್ನುವ ಮೀಟರಿನ ಎರಡು ಕಡ್ಡಿಗಳನ್ನು ಡಬ್ಬಿಯ ಹಿಂಬದಿಯ ತೂತುಗಳಿಗೆ ಮುಟ್ಟಿಸಿದ.

"ಕೇಳಿದ್ರಾ? ದಾರಿ ಸರಿಯಾಗೇ ಇದೆ."

"ಏನು ಕೇಳೋದು? ನಿನ್ನ ಮೀಟರೂ ಸತ್ತು ಮಲಗಿದೆ."

ಮಿಕ್ಸಿಯ ಹೆಂಗಸು ತಲೆಯೆತ್ತಿ ಮೇಷ್ಟ್ರನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು, ರಿಪೇರಿಯವನು ಕಣ್ಣಲ್ಲೇ ಬೇಡವೆಂದಾಗ ಮಿಕ್ಸಿಯ ಮುಚ್ಚಳ ಒರೆಸತೊಡಗಿದಳು. ಅವನು ಕಡ್ಡಿಗಳನ್ನು ಮೆಲ್ಲಗೆ ಹಿಂದಕ್ಕೆ ತೆಗೆದ.

"ಹೌದು ಮೇಷ್ಟ್ರೇ. ಒಳಗೆ ಒಂದು ಸಾಮಾನು ಸರಿ ಇಲ್ಲ ಅನ್ಸತ್ತೆ. ನನ್ನದೇ ತಪ್ಪು. ಎರಡು ದಿನ ಬಿಟ್ಟು ಬನ್ನಿ."

"ಹಾಗೆ ದಾರಿಗೆ ಬಾ" ಎಂದರು ಮೇಷ್ಟ್ರು.

ಎರಡು ದಿನದ ಮೇಲೆ ಡಬ್ಬಿ ಮನೆಗೆ ಬಂತು. ರೆಕಾರ್ಡು ಹಾಕಿ, ಕಣ್ಣು ಮುಚ್ಚಿ ಕೂತರು. ಕೊನೆಯಲ್ಲಿ, ಬರಬೇಕಾದ ಜಾಗದಲ್ಲೇ, ಗಂಟೆ ಮೂರು ಸಲ ಬಂತು.

"ಬಂತಲ್ಲೇ!"

"ಬಂತು" ಎಂದಳು ಹೆಂಡತಿ, ಬಿಡಿಸುತ್ತಿದ್ದ ಬಟಾಣಿಯಿಂದ ತಲೆಯೆತ್ತದೆ.

ಮುಂದಿನ ವಾರಗಳಲ್ಲಿ ಮೇಷ್ಟ್ರು ಆ ಕಥೆಯನ್ನು ಕ್ಷೌರದಂಗಡಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಭಾವಮೈದುನನ ಮನೆಯಲ್ಲಿ ಹೇಳಿದರು. ಪ್ರತಿ ಸಲವೂ "ಕೊನೆಗೆ ತಾನೇ ಒಪ್ಕೊಂಡ" ಎಂದು ಮುಗಿಸುತ್ತಿದ್ದರು.

ಧೂಳು ಒರೆಸಲೆಂದು ಡಬ್ಬಿಯನ್ನು ಬೋರಲು ಹಾಕಿದ್ದು ಒಂದು ಮಧ್ಯಾಹ್ನ. ನಾಲ್ಕು ಕೆಂಪು ಬೊಟ್ಟುಗಳು. ನಾಲ್ಕನೆಯದಕ್ಕೆ ಬಾಲ. ತಿರುಪಿನಿಂದ ಮುಚ್ಚಳದ ತಗಡಿಗೆ ಇಳಿದಿದ್ದ ಆ ಬಾಲ ಎಲ್ಲೂ ಕೂದಲೆಳೆಯಷ್ಟೂ ಬಿರಿದಿರಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಉಗುರಿನಿಂದ ಸವರಿ ನೋಡಿದರು. ಡಬ್ಬಿಯನ್ನು ಯಾರೂ ಬಿಚ್ಚಿರಲೇ ಇಲ್ಲ.

ಬಟ್ಟೆ ಬದಿಗಿಟ್ಟರು. ಆಮೇಲೆ ಡಬ್ಬಿಗೆ ವೈರು ಸಿಕ್ಕಿಸಿ, ಹೆಂಡತಿಯನ್ನು ಕರೆದು ಎದುರಿಗೆ ಕೂರಿಸಿದರು. "ಗಂಟೆ ಬಂದಾಗ ಬೆರಳೆತ್ತು. ಮಾತಾಡ್ಬೇಡ."

ಈ ಸಲ ಕಣ್ಣು ಮುಚ್ಚಲಿಲ್ಲ. ಹಾಡು ಮುಗಿಯುತ್ತ ಬಂತು. ಗಂಟೆಯ ಜಾಗ ಬರುವ ಮೊದಲೇ ಮನಸ್ಸು ಗಂಟೆ ಬಾರಿಸಲು ಸಿದ್ಧವಾಗಿ ಕೂತಿತ್ತು, ಅದನ್ನು ಗದರಿ ಸುಮ್ಮನಿರಿಸಿದರು. ಹೆಂಡತಿಯ ಬೆರಳು ಎದ್ದಿತು. ಇಳಿಯಿತು. ಇನ್ನೊಮ್ಮೆ ಎದ್ದಿತು. ಮತ್ತೊಮ್ಮೆ. ಮೇಷ್ಟ್ರ ಕಿವಿಯಲ್ಲಿ ಏನೂ ಇರಲಿಲ್ಲ.

"ಯಾವಾಗಿಂದ?"

"ಎರಡು ವರ್ಷ ಆಯ್ತೇನೋ. ನಿಮಗೆ ಜ್ವರ ಬಂದಾಗ ಥರ್ಮಾಮೀಟರ್ ಕೀಂ ಅಂತಿದ್ರೂ ಬಾಯಿಂದ ತೆಗೀಲಿಲ್ಲ ನೀವು. ನಾನೇ ಬಂದು ತೆಗೆದೆ."

"ಹೇಳ್ಬಾರ್ದಿತ್ತಾ?"

"ನಿಮ್ಮ ಹತ್ರ ಕಿವಿ ಸುದ್ದಿ ಎತ್ತೋ ಎಂಟೆದೆ ಯಾರಿಗಿದೆ ರೀ?" ಎಂದಳು. ಆಮೇಲೆ ಧ್ವನಿ ತಗ್ಗಿಸಿ, "ಪಾಪ, ಅವನೂ ಹೇಳ್ಲಿಲ್ಲ ನೋಡಿ" ಎಂದಳು.

ಎರಡು ವರ್ಷ. ಕೆಲಸ ಬಿಟ್ಟು ಒಂದೇ ವರ್ಷವಾಗಿತ್ತು. ಕೊನೆಯ ಸಲ ಕೂಡಿಸಿದ ಶಾಲೆಯ ಪಿಯಾನೋ ನೆನಪಾಯಿತು. ಸಂಗೀತದ ಟೀಚರಮ್ಮ ಬಲತುದಿಯ, ತೀರ ಮೇಲಿನ ಸ್ವರದ ಮನೆಗಳನ್ನು ಒಂದೆರಡು ಸಲ ಒತ್ತಿ ನೋಡಿ, "ಚೆನ್ನಾಗಾಗಿದೆ ಮೇಷ್ಟ್ರೇ" ಎಂದು ನಕ್ಕು, ಬಾಗಿಲವರೆಗೂ ಬಂದು ಬೀಳ್ಕೊಟ್ಟಿದ್ದಳು. ಅವಳೂ ಹೇಳಿರಲಿಲ್ಲ. ಮೇಷ್ಟ್ರಿಗೆ ಕಿವಿಯ ತುದಿಯವರೆಗೂ ಬಿಸಿಯೇರಿತು.

ಮರುದಿನ ಬೆಳಿಗ್ಗೆ ಹೊರಟರು. ಸ್ಟುಡಿಯೋದ ಮುಂದೆ ದೊಡ್ಡ ಅಂಗಡಿಯ ಹೆಸರು ಹೊತ್ತ ಖಾಲಿ ರಟ್ಟಿನ ಪೆಟ್ಟಿಗೆ ಬಿದ್ದಿತ್ತು. ಗಾಜಿನಾಚೆ, ಒಳಗಿನ ಕತ್ತಲಲ್ಲಿ, ನೀಲಿ ದೀಪವೊಂದು ಉರಿಯುತ್ತಿತ್ತು. ಮೇಷ್ಟ್ರು ಆ ಕಡೆ ನೋಡದವರಂತೆ ದಾಟಿದರು. ನಾಲ್ಕು ಹೆಜ್ಜೆ ಹೋಗಿ ನಿಂತು, ಹಿಂದಿರುಗಿ ಬಂದು ಒಳಗೆ ಹೋಗಿ, ತಪ್ಪು ಡಬ್ಬಿಯದಲ್ಲ, ತಮ್ಮ ಕಿವಿಯದು ಎಂದರು.

"ಅಯ್ಯೋ ಬಿಡಿ ಮೇಷ್ಟ್ರೇ, ಯಂತ್ರ ತಂದಾಯ್ತಲ್ಲ" ಎಂದು ಸ್ಟುಡಿಯೋದವರು ನಕ್ಕುಬಿಟ್ಟರು. "ಒಂದು ಕೇಳಿ ಹೋಗ್ತೀರಾ? ನಿಮ್ಮಂಥವರು ಹೇಗಿದೆ ಅಂತ ಹೇಳ್ಬೇಕು." ಈಗಷ್ಟೇ ಹೇಳಿದ್ದು ಅವರ ತಲೆಗೆ ಹೋಗಿರಲಿಲ್ಲ. ಮೇಷ್ಟ್ರು ಕೈಮುಗಿದು ಹೊರಬಿದ್ದರು.

ರಿಪೇರಿ ಅಂಗಡಿಯಲ್ಲಿ ಮೂವರು ಕಾಯುತ್ತಿದ್ದರು. ಅವರು ಹೋಗಲಿ ಎಂದು ಮೇಷ್ಟ್ರು ಬಾಗಿಲ ಕಂಬಕ್ಕೆ ಒರಗಿದರು. ಅಂದು ಬೈಯುವಾಗ ತಾವು ಅಲ್ಲಿದ್ದವರು ಹೋಗಲಿ ಎಂದು ಕಾದಿರಲಿಲ್ಲ ಎಂಬುದು ನೆನಪಾಯಿತು. ಒಳಗೆ ಕಾಲಿಟ್ಟರು.

"ಅವತ್ತು ಡಬ್ಬಿ ಸರಿಯಾಗೇ ಇತ್ತು" ಎಂದರು, ಬೇಕಾದ್ದಕ್ಕಿಂತ ಗಟ್ಟಿಯಾಗಿ. "ಇವನು ಕಳಪೆ ಸಾಮಾನು ಹಾಕಿರ್ಲಿಲ್ಲ. ಸುಳ್ಳು ಹೇಳಿದ್ದು ನಾನು. ನನ್ನ ಕಿವಿ ಹೋಗಿದೆ."

ಮೂವರೂ ಮುಖ ಮುಖ ನೋಡಿಕೊಂಡರು. "ಯಾವ ಡಬ್ಬಿ ಯಜಮಾನ್ರೇ?" ಎಂದ ಒಬ್ಬ. ಅಂದು ಇದ್ದವರು ಯಾರೂ ಇಲ್ಲಿರಲಿಲ್ಲ. ಕ್ಷೌರದಂಗಡಿಯವರು, ಬ್ಯಾಂಕಿನ ಸಾಲಿನವರು, ಯಾರೂ ಇರಲಿಲ್ಲ.

ರಿಪೇರಿಯವನು ತಲೆಯೆತ್ತಲಿಲ್ಲ. ಅವನ ಕಿವಿಯೂ ಕೆಂಪಾಗಿತ್ತು. ಕಾಲಿನಿಂದ ಸ್ಟೂಲನ್ನು ಈಚೆಗೆ ತಳ್ಳಿದ. "ಕೂತ್ಕೊಳ್ಳಿ ಮೇಷ್ಟ್ರೇ. ಬಿಸಿಲಲ್ಲಿ ಬಂದಿದೀರ."

ಮೇಷ್ಟ್ರು ಕೂತರು. ಅವನು ಕೈಯಲ್ಲಿದ್ದ ರೇಡಿಯೋದ ಹಿಂಬದಿಯನ್ನು ಮುಚ್ಚಿ ನಾಲ್ಕು ತಿರುಪುಗಳನ್ನು ಬಿಗಿದ. ಉಗುರುಬಣ್ಣದ ಬಾಟಲಿ ತೆರೆದು ಮೂರು ಬೊಟ್ಟು ಇಟ್ಟ. ಆಮೇಲೆ ರೇಡಿಯೋವನ್ನು ಮೇಜಿನ ಮೇಲೆ ಮೇಷ್ಟ್ರ ಕಡೆಗೆ ತಿರುಗಿಸಿ, ಬ್ರಶ್ಶು ಚಾಚಿದ.

ಮೇಷ್ಟ್ರು ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡು ಬಗ್ಗಿದರು. ಆದರೂ ಬಾಲ ಬಂತು. ಒರೆಸಲೆಂದು ಹೆಬ್ಬೆರಳು ಮುಂದೆ ಮಾಡಿದರು. ರಿಪೇರಿಯವನು ರೇಡಿಯೋವನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡು, ಬಣ್ಣ ಆರಲೆಂದು ಊದಿದ.