ಹೊಂಡದ ಹಗ್ಗ

ಲೇ, ಮುದುಕಂಗೆ ಮರೆವು ಅಂತ ನಗಬ್ಯಾಡ್ರಿ, ನಂಗೆಲ್ಲಾ ನೆನಪೈತೆ. ನಮ್ಮ ಭೀಮರಾಜು ಮಗಳು ತೇಜಸ್ವಿನಿ ಹೈಸ್ಕೂಲ್ ವಾಟರ್ ಪೋಲೋ ಟೀಮಲ್ಲಿ ಗೋಲ್ ಕೀಪರ್. ಟೀಮು ಫೈನಲ್‌ಗೆ ಹೋದ ವರ್ಷ ಅವನು ಅವಳ ಒಂದು ಮ್ಯಾಚೂ ನೋಡದೆ ಬುಡಲಿಲ್ಲ. ಪ್ರಾಕ್ಟೀಸಿಗೆ ತಾವರೆಕೆರೆ ಹೊಲದ ಕೃಷಿ ಹೊಂಡಾನೇ ಕೊಟ್ಟ. ಹೊಂಡಕ್ಕೆ ಹಾಸಿರೋ ಪ್ಲಾಸ್ಟಿಕ್ ಶೀಟು ಜಾರ್ತದೆ ಅಂತ, ಮಕ್ಕಳು ಹಿಡ್ಕೊಂಡು ಹತ್ತಾಕೆ ಹಗ್ಗ ಕಟ್ಟಿದ್ದ.

ಫೈನಲ್ ದಿನ ಬೆಳಗ್ಗೆ ಟೆಂಪೋ ಮ್ಯಾಲೆ ಗೋಲ್ ಕಂಬ ಕಟ್ಟಾಕೆ ಹಗ್ಗ ಸಾಲಲಿಲ್ಲ. ಹೊಂಡದ್ದು ಬಿಚ್ಕೊಂಡು ಬಂದೆ.

"ಎಲ್ಲಿಂದ ತಂದ್ಯಣ್ಣೋ?" ಅಂದ ಭೀಮರಾಜು.

"ನಿಂಗ್ಯಾಕ್ಲಾ? ಗಂಟು ಬಿಗಿ" ಅಂದೆ.

ಅಷ್ಟೊತ್ತಿಗೆ ತೇಜಸ್ವಿನಿ ಇನ್ನೊಂದ್ಸಲ ಪ್ರಾಕ್ಟೀಸ್ ಮಾಡಾನ ಅಂತ ಒಬ್ಬಳೇ ಹೊಂಡಕ್ಕೆ ಇಳಿದಿದ್ಲು. ಹತ್ತಾಕಾಗದೆ, ಈಜಿ ಈಜಿ ಸೋತು ಮುಳುಗಿಬುಟ್ಲು. ಶೀಟಿನ ತುಂಬಾ ಉಗುರಿನ ಗೀರು.

ಹಗ್ಗ ಕದ್ದೋನ್ನ ಭೀಮರಾಜು ಇವತ್ತಿಗೂ ಬಯ್ತಾನೆ. ಹೊಂಡ ಇರೋರಿಗೆಲ್ಲಾ ಈ ವಾಯ್ಸ್ ಮೆಸೇಜ್ ಕಳ್ಸಿ. ಅವನಿಗೂ ಕಳ್ಸಿ, ಎದುರಿಗೆ ಹೇಳಾಕೆ ನಂಗೆ ಬಾಯಿ ಬರ್ತಿಲ್ಲ.