ಐದು ಸೇರಿಸಿ ಓದಿ

ನಾನು ಮೀನಿನ ಥರ್ಮಾಮೀಟರ್. ಗೇಣುದ್ದದ ಉಕ್ಕಿನ ಕಡ್ಡಿ, ತುದಿಯಲ್ಲಿ ಗಡಿಯಾರದಂಥ ದುಂಡು ಮುಖ, ಅದರೊಳಗೆ ಒಂದೇ ಮುಳ್ಳು. ಕಾರ್ಖಾನೆಯಲ್ಲಿ ನನ್ನನ್ನು ಕರಗುವ ಐಸಿನಲ್ಲಿ ಅದ್ದಿ, ಮುಳ್ಳು ಸೊನ್ನೆಗೆ ನಿಂತ ಮೇಲೆಯೇ ಡಬ್ಬಿಗೆ ಹಾಕಿದರು. ಅಂದಿನಷ್ಟು ಧೈರ್ಯ ನನಗೆ ಮತ್ತೆಂದೂ ಬರಲಿಲ್ಲ.

ಬಂದು ಸೇರಿದ್ದು ಕುಂದಾಪುರ ಕಡೆಯ ಸಣ್ಣ ಬಂದರಿನ ಒಂದು ಶೀತಲ ಕೋಣೆಗೆ. ಅಲ್ಲಿ ನನ್ನನ್ನು ನೋಡಿಕೊಂಡವಳು ಗುಲಾಬಿ. ಮೀನು ಕತ್ತರಿಸುವ ಕೆಲಸದ ನಡುವೆಯೇ ಸಂಜೆ ಶಾಲೆಯಲ್ಲಿ ಅಕ್ಷರ ಕಲಿತವಳು. ಗೋಡೆಯ ಮೇಲಿನ ನಿಯಮಗಳನ್ನು ಬೆರಳಿಟ್ಟು ಓದುವಳು. ಬಂಗುಡೆಯನ್ನು ನಾಲ್ಕು ಡಿಗ್ರಿಗಿಂತ ಬೆಚ್ಚಗೆ ಇಟ್ಟರೆ ಅದರಲ್ಲಿ ವಿಷ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಕುದಿಸಿದರೂ ಹೋಗುವುದಿಲ್ಲ. ಅದಕ್ಕೇ ಅವಳು ದಿನಾ ಬೆಳಿಗ್ಗೆ ಸ್ಟೀಲ್ ಲೋಟದಲ್ಲಿ ಪುಡಿ ಐಸಿಗೆ ನೀರು ಹಾಕಿ ನನ್ನನ್ನು ಅದ್ದುವಳು. ಸೊನ್ನೆ ಕಂಡ ಮೇಲೆಯೇ ಮೀನಿಗೆ ಚುಚ್ಚುವಳು.

ಬಾಗಿಲ ಬಳಿ ಬಲೆ ಹೆಣೆಯುತ್ತ ಕೂರುವ ಮುದುಕ ಜಟ್ಟ ಖಾರ್ವಿ ಕೆಣಕುತ್ತಿದ್ದ.

“ಹೋಯ್ ಡಾಕ್ಟ್ರಮ್ಮ, ಸತ್ತ್ ಮೀನಿಗೆ ಎಂತ ಜ್ವರ ಕಾಂಬುದ್ ನೀನು?”

“ಮೀನಿಗಲ್ಲ ಜಟ್ಟಣ್ಣ, ತಿಂಬ ನಿಮ್ಗೆ ಜ್ವರ ಬಪ್ಪುಕಾಗ ಅಂದೇಳಿ!”

ಮಳೆಗಾಲ ಕಳೆದ ಹೊಸದರಲ್ಲಿ ನಾನು ಸಿಮೆಂಟ್ ನೆಲಕ್ಕೆ ಬಿದ್ದೆ. ಮರುದಿನ ಐಸಿನಲ್ಲಿ ಅದ್ದಿದಾಗ ಮುಳ್ಳು ಸೊನ್ನೆ ದಾಟಿ ಮೈನಸ್ ಐದಕ್ಕೆ ಹೋಯಿತು. ಸರಿಪಡಿಸುವ ತಿರುಪು ತುಕ್ಕು ಹಿಡಿದಿತ್ತು. ಹೊಸದು ಬರುವ ವಾರ ತರಿಸುತ್ತೇನೆಂದ ಮ್ಯಾನೇಜರ್ ವಿಠಲ. ಆ ವಾರ ಬರಲಿಲ್ಲ. ಗುಲಾಬಿ ಗಾಯಕ್ಕೆ ಹಾಕುವ ಬಿಳಿ ಪಟ್ಟಿಯನ್ನು ನನ್ನ ಕುತ್ತಿಗೆಗೆ ಅಂಟಿಸಿ, ‘ಐದು ಸೇರಿಸಿ ಓದಿ’ ಎಂದು ಬರೆದಳು. ನಾನು ಮೈನಸ್ ಒಂದು ತೋರಿಸಿದರೆ ಮೀನು ನಾಲ್ಕರಲ್ಲಿದೆ ಎಂದು ಲೆಕ್ಕ. ನಾಚಿಕೆಯಾಯಿತು, ಆದರೂ ಆ ಪಟ್ಟಿ ಇರುವಷ್ಟು ದಿನ ನೆಮ್ಮದಿಯಿತ್ತು.

ತಿಂಗಳ ನಂತರ ಒಂದು ಮಧ್ಯಾಹ್ನ ವಿಠಲ ಬಂದ.

“ನಾಳೆ ಇನ್‌ಸ್ಪೆಕ್ಷನ್ ಇತ್ತ್ ಗುಲಾಬಿ. ಈ ಪಟ್ಟಿ ಕಂಡ್ರೆ ಥರ್ಮಾಮೀಟರಿಗೇ ಜ್ವರ ಬಂದಿತಾ ಅಂದೇಳಿ ನಗ್ತ್ರ್ ಮಾರಾಯ್ತಿ.”

“ತೆಗದ್ರೆ ನನ್ನ ಬದ್ಲಿಗೆ ಬಪ್ಪ ಪ್ರಮೀಳಂಗೆ ಗೊತ್ತಾಪ್ದ್ ಹ್ಯಾಂಗೆ ವಿಠಲಣ್ಣ? ನಾಳೆಯಿಂದ ನಾ ಇಲ್ಲ ಅಲ್ದಾ?”

“ನಾ ಹೇಳ್ತೆ. ನೀ ಹೋಯಿ ಮಗಳ ಬಾಣಂತನ ಕಾಣ್.”

ಪಟ್ಟಿ ಕಿತ್ತ. ಗೋಂದು ಮಾತ್ರ ಉಳಿಯಿತು.

ಮರುದಿನ ಅಧಿಕಾರಿ ನೆಲ, ಟೋಪಿ, ಕಾಲು ತೊಳೆಯುವ ತೊಟ್ಟಿ ಎಲ್ಲ ನೋಡಿದರು. ನನ್ನನ್ನೊಮ್ಮೆ ಐಸಿನಲ್ಲಿ ಅದ್ದಲಿ ಎಂದು ಕಾದೆ. ಅದ್ದಲಿಲ್ಲ. ಎಲ್ಲ ಸಸೂತ್ರವಾದ ಖುಷಿಯಲ್ಲಿ ವಿಠಲ ಹೇಳಬೇಕಾದ್ದನ್ನು ಮರೆತ.

ಗುಲಾಬಿಯ ಬದಲಿಗೆ ಬಂದ ಪ್ರಮೀಳಾ ಹೆದರುವ ಸ್ವಭಾವದ ಹುಡುಗಿ. ನನ್ನನ್ನು ಮೊದಲು ಐಸಿನಲ್ಲಿ ಅದ್ದಿ ನೋಡಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಗೋಡೆಯ ನಿಯಮದಲ್ಲಿ ನಾಲ್ಕು, ನನ್ನಲ್ಲಿ ಮೈನಸ್ ಒಂದು. ಮೀನು ಗಡ್ಡೆ ಕಟ್ಟೀತೆಂದು ಕೋಣೆಯ ತಂಪು ತಗ್ಗಿಸಿದಳು. ನಾನು ನಾಲ್ಕು ತೋರಿಸುವ ಹೊತ್ತಿಗೆ ಮೀನು ಒಂಬತ್ತರಲ್ಲಿತ್ತು. ಐದು ದಿನ ನಾನು ನಾಲ್ಕು ಎಂದೆ, ಅವಳು ನಾಲ್ಕು ಎಂದು ಬರೆದಳು.

ಆರನೆಯ ದಿನ ಆ ಬಂಗುಡೆ ಬಂದರಿನ ಊಟದ ಮನೆಗೆ ಹೋಯಿತು. ಉಂಡವರಲ್ಲಿ ಹನ್ನೊಂದು ಜನರ ಮುಖ ಕೆಂಪೇರಿ ವಾಂತಿ ಶುರುವಾಯಿತು. ಹತ್ತು ಮಂದಿ ಚೇತರಿಸಿಕೊಂಡರು. ಜಟ್ಟಣ್ಣನ ಎದೆ ಮೊದಲೇ ಬಲಹೀನ, ಅವನು ಆಸ್ಪತ್ರೆ ಮುಟ್ಟಲಿಲ್ಲ.

ವಿಚಾರಣೆಗೆ ಗುಲಾಬಿಯನ್ನೂ ಕರೆಸಿದರು. ಥರ್ಮಾಮೀಟರ್ ಸರಿಯಿತ್ತು ಎಂದ ವಿಠಲ. ಗುಲಾಬಿ ಲೋಟದಲ್ಲಿ ಪುಡಿ ಐಸು ತಂದು, ನೀರು ಹಾಕಿ, ಎಲ್ಲರ ಮುಂದೆ ನನ್ನನ್ನು ಅದ್ದಿದಳು. ನಾನು ಮೈನಸ್ ಐದಕ್ಕೆ ನಿಂತೆ. ಗೋಡೆಗೊರಗಿದ್ದ ಪ್ರಮೀಳಾ ಬಾಯಿಗೆ ಸೆರಗು ಒತ್ತಿಕೊಂಡಳು.

“ಪಟ್ಟಿ ಇತ್ತ್ ಸರ್. ಗೋಂದು ಇನ್ನೂ ಇತ್ತ್ ಕಾಣಿ,” ಎಂದಳು ಗುಲಾಬಿ.

“ಹಾಳಾದದ್ದು ನಿಮಗೆ ಮೊದಲೇ ಗೊತ್ತಿತ್ತಾ?” ಅಧಿಕಾರಿ ಕೇಳಿದರು.

ಇಲ್ಲ ಎನ್ನಬಹುದಿತ್ತು.

“ಗೊತ್ತಿತ್ತ್ ಸರ್.”

ವರದಿಯಲ್ಲಿ ವಿಠಲನ ಹೆಸರಿನ ಕೆಳಗೆ ಅವಳ ಹೆಸರೂ ಬಂತು: ದೋಷ ತಿಳಿದೂ ಬಳಸಿದವಳು. ಕೆಲಸ ಹೋಯಿತು. ಈಗ ಅವಳು ಜಟ್ಟಣ್ಣನ ಮನೆಯ ದಾರಿ ಬಿಟ್ಟು ಸುತ್ತಿಕೊಂಡು ನಡೆಯುತ್ತಾಳಂತೆ.

ನನ್ನನ್ನು ಲಕೋಟೆಯಲ್ಲಿ ಹಾಕಿ, ಅರಗಿನ ಮುದ್ರೆ ಒತ್ತಿ, ಕಚೇರಿಯ ಬೀರುವಿನಲ್ಲಿ ಇಟ್ಟಿದ್ದಾರೆ. ಕತ್ತಲಲ್ಲೂ ಮುಳ್ಳು ನಿಂತಿಲ್ಲ. ಸೆಖೆ ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ, ಪ್ರತಿ ಸಲವೂ ಐದು ಕಡಿಮೆ. ಜಟ್ಟಣ್ಣ ಬೈದಿದ್ದರೆ ನನ್ನನ್ನು ಬೈಯುತ್ತಿದ್ದನೋ, ಪಟ್ಟಿ ಕಿತ್ತವನನ್ನೋ, ನನಗೆ ತಿಳಿಯದು. ಎಂದಾದರೂ ಯಾರಾದರೂ ಈ ಮುದ್ರೆ ಒಡೆದು ನನ್ನ ಮುಖ ನೋಡಿದರೆ, ದಯವಿಟ್ಟು ನಾನು ಹೇಳಿದ್ದನ್ನು ಹಾಗೆಯೇ ನಂಬಬೇಡಿ.