ದೃಢೀಕರಣ ಬಾಕಿ

ಮೂರನೇ ಮಹಡಿಯಿಂದ ಹೆಣ ಇಳಿಸುತ್ತಿದ್ದವರು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡರು.

"ಸ್ವಲ್ಪ ಎತ್ತಿ, ತಲೆ ಗೋಡೆಗೆ ತಾಗತ್ತೆ," ಎಂದಳು ಮಗಳು. ನಾಲ್ಕು ವರ್ಷದಿಂದ ಅಪ್ಪನ ಜೊತೆ ಮಾತು ಬಿಟ್ಟವಳು. ಚಿಕ್ಕಪ್ಪ ಇಷ್ಟಕ್ಕೇ ಕಾದಿದ್ದ.

"ಎಂಟು ತಿಂಗಳು ಅಣ್ಣ ಒಬ್ಬನೇ ಆಸ್ಪತ್ರೆಗೆ ಅಲೆದ. ಆಗ ಎಲ್ಲಿದ್ದೆ ತಾಯಿ?"

"ನಂಗೆ ಯಾರು ಹೇಳಿದ್ರು? ನೀವಾದ್ರೂ ಒಂದು ಫೋನ್ ಮಾಡಬಹುದಿತ್ತು."

"ಅವಳಿಗೆ ಎಲ್ಲಾ ರಿಪೋರ್ಟೂ ಹೋಗ್ತಿದೆ ಅಂತಿದ್ದ. ಗೊತ್ತಿದ್ದೂ ಬರ್ಲಿಲ್ಲ ಅಂದ್ಕೊಂಡೆ."

ಅವಳಿಗೆ ಮೈಯೆಲ್ಲ ಉರಿಯಿತು. ಸತ್ತ ಮೇಲೂ ತನ್ನನ್ನೇ ಕೆಟ್ಟವಳನ್ನಾಗಿ ಮಾಡಿದನಲ್ಲ ಅಪ್ಪ!

ಕೆಳಗೆ ವ್ಯಾನಿನ ಬಳಿ ಅಪ್ಪನ ಸಹೋದ್ಯೋಗಿ ನಿಂತಿದ್ದರು. ಅವಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ನೀನು ಕೊನೆಗೂ ಅದನ್ನ ಒತ್ತಲೇ ಇಲ್ವಾಮ್ಮ?"

\*

ಆಸ್ಪತ್ರೆಯ ವೆಬ್‌ಸೈಟ್ ರೂಪಿಸಿದವರಲ್ಲಿ ಅಪ್ಪನೂ ಒಬ್ಬ. ಮೊದಲು ರಿಪೋರ್ಟು, ತಪಾಸಣೆಯ ದಿನ ತಿಳಿಸಲು ಒಬ್ಬ ರೋಗಿಗೆ ಒಂದೇ ಇಮೇಲ್ ವಿಳಾಸವಿತ್ತು. "ಮಲಗಿದೋನು ಮೇಲ್ ಓದ್ತಾನೇನ್ರೀ? ಮನೆಯೋರಿಗೂ ಹೋಗ್ಲಿ," ಎಂದು ಜಗಳವಾಡಿ ಎರಡು ಮೂರು ವಿಳಾಸ ಸೇರಿಸುವಂತೆ ಮಾಡಿದವನು ಅವನೇ. ಆ ವಿಳಾಸದವರು ಮೊದಲು ಬರುವ ಮೇಲ್‌ನಲ್ಲಿ ಒಪ್ಪಿಗೆಯ ಗುಂಡಿ ಒತ್ತುವ ತನಕ ಅವರಿಗೆ ರೋಗಿಯ ಹೆಸರೂ ಕಾಣಬಾರದೆಂಬ ನಿಯಮವೂ ಅವನದೇ.

ಕಾಯಿಲೆ ತನಗೇ ಬಂದಾಗ ಮಗಳ ವಿಳಾಸ ಸೇರಿಸಿದ. ಪರದೆಯ ಮೇಲೆ 'ದೃಢೀಕರಣ ಬಾಕಿ' ಎಂದು ಬಂತು. ವಾರವಾದರೂ ಹಾಗೇ ಇತ್ತು.

"ಫೋನ್ ಮಾಡಿ ಒತ್ತು ಅನ್ನೋ ಮಾರಾಯ," ಎಂದರು ಸಹೋದ್ಯೋಗಿ.

"ನಾನ್ಯಾಕೆ ಮಾಡ್ಲಿ? ಬೇಕಿದ್ರೆ ಅವಳೇ ಒತ್ತುತ್ತಾಳೆ."

ಬಾಯಲ್ಲಿ ಇಷ್ಟು ಜಂಬ. ಆದರೆ ಪ್ರತಿ ಸೋಮವಾರ ಕಚೇರಿಗೆ ಬಂದವನೇ ಮೊದಲು 'ಮತ್ತೊಮ್ಮೆ ಕಳುಹಿಸಿ' ಒತ್ತುತ್ತಿದ್ದ. ತಮ್ಮನೆದುರು ಮಾನ ಉಳಿಸಿಕೊಳ್ಳಲು ಎಲ್ಲ ತಲುಪುತ್ತಿದೆ ಎಂದು ಸುಳ್ಳು ಹೇಳಿದ.

\*

ವ್ಯಾನಿನಲ್ಲಿ ಅಪ್ಪನ ಪಕ್ಕ ಕೂತು ಅವಳು ಫೋನಿನಲ್ಲಿ ಹುಡುಕಿದಳು. ಬೇಡದ ಮೇಲ್‌ಗಳ ರಾಶಿಯಲ್ಲಿ ಮೂವತ್ತನಾಲ್ಕು ಸಿಕ್ಕವು, ಎಲ್ಲವೂ ಒಂದೇ: 'ಈ ವಿಳಾಸ ನಿಮ್ಮದೇ? ದೃಢಪಡಿಸಿ.' ಒಂದೆರಡನ್ನು ನೋಡಿದ ನೆನಪೂ ಇತ್ತು. ಯಾರೋ ಟೋಪಿ ಹಾಕುವವರೆಂದು ಬಿಟ್ಟಿದ್ದಳು.

"ಈಗ ಯಾಕೆ ಅದೆಲ್ಲ, ಬಿಡು," ಎಂದ ಎದುರು ಕೂತಿದ್ದ ಚಿಕ್ಕಪ್ಪ. ಅವನಿಗೂ ಸಹೋದ್ಯೋಗಿ ಎಲ್ಲ ಹೇಳಿದ್ದರು.

ಕಡೆಯದನ್ನು ತೆರೆದು ಗುಂಡಿ ಒತ್ತಿದಳು. 'ಧನ್ಯವಾದಗಳು' ಎಂದು ಬಂತು. ಅದರ ಹಿಂದೆಯೇ ಆಸ್ಪತ್ರೆಯಿಂದ ಅವಳಿಗೆ ಮೊದಲ ಮೇಲ್ ಬಂತು, ಮೇಲುಗಡೆ ಅಪ್ಪನ ಹೆಸರು:

'ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮ ತಪಾಸಣೆ ಇದೆ. ಈ ಸಲವಾದರೂ ಮನೆಯವರೊಬ್ಬರನ್ನು ಜೊತೆಗೆ ಕರೆತನ್ನಿ.'